ಅಟ್ಟದಿಂದ ಇಳಿದ ಬೋರ್ಡೋ ವೈನ್: ಇನ್ನೂ ಕಾಯಬೇಕೆ?

ಪ್ರಶ್ನೆ: ನಮ್ಮ ಮದುವೆಯಾದದ್ದು 2005ರಲ್ಲಿ. ಅದೇ ವರ್ಷದ ಸೇಂಟ್ ಜೂಲಿಯನ್ ಕೆಂಪು ವೈನ್ ಒಂದನ್ನು ನನ್ನ ಭಾವ 2009ರಲ್ಲಿ ಫ್ರಾನ್ಸ್‌ನಿಂದ ತಂದುಕೊಟ್ಟರು. ಮೂರು ವರ್ಷ ಬಸವನಗುಡಿಯ ನಮ್ಮ ಮನೆಯ ಅಟ್ಟದಲ್ಲಿತ್ತು. ಆಮೇಲೆ ವೈನ್ ಫ್ರಿಜ್ ಕೊಂಡು ಅದರಲ್ಲಿ ಮಲಗಿಸಿಟ್ಟಿದ್ದೇನೆ. ಇಪ್ಪತ್ತನೇ ವಾರ್ಷಿಕೋತ್ಸವಕ್ಕೆ ತೆರೆಯಲು ಧೈರ್ಯ ಬರಲಿಲ್ಲ. ಇಪ್ಪತ್ತೈದಕ್ಕೆ ತೆರೆಯೋಣ ಎಂಬುದು ನನ್ನ ವಾದ, ಈಗಲೇ ತೆರೆಯಿರಿ ಎಂಬುದು ನನ್ನ ಹೆಂಡತಿಯ ವಾದ. ತೆರೆಯುವುದು ಹೇಗೆ? ಜೊತೆಗೆ ಊಟಕ್ಕೇನು?

ಉತ್ತರ: ನಿಮ್ಮ ಮನೆಯವರ ಮಾತು ಕೇಳಿ.

2005 ಬೋರ್ಡೋ ಪ್ರದೇಶಕ್ಕೆ ಅಪರೂಪದ ವರ್ಷ. ಮಳೆ ಕಡಿಮೆಯಾಗಿ ದ್ರಾಕ್ಷಿ ಚಿಕ್ಕದಾಗಿ, ಗಟ್ಟಿಯಾಗಿ ಬಂತು. ವೈನ್‌ನಲ್ಲಿ ಒಗರೂ ಹುಳಿಯೂ ಧಾರಾಳವಾಗಿ ಉಳಿದವು. ಸೇಂಟ್ ಜೂಲಿಯನ್ ಇರುವ ಮೆಡಾಕ್ ಭಾಗದಲ್ಲಿ ಕ್ಯಾಬರ್ನೆ ಸೋವಿನ್ಯೋ ದ್ರಾಕ್ಷಿಯದೇ ಮೇಲುಗೈ, ಅದೂ ನಿಧಾನವಾಗಿ ಹದಕ್ಕೆ ಬರುವ ತಳಿ. ತಂಪು ನೆಲಮಾಳಿಗೆಯಲ್ಲೇ ಬೆಳೆದ ಬಾಟಲಿಯಾಗಿದ್ದರೆ, ಅದರಲ್ಲೂ ಒಳ್ಳೆಯ ತೋಟದ್ದಾಗಿದ್ದರೆ, ಇನ್ನೂ ಐದು ವರ್ಷ ಕಾಯಿರಿ ಎಂದು ಸಂಕೋಚವಿಲ್ಲದೆ ಹೇಳುತ್ತಿದ್ದೆ. ನನ್ನನ್ನು ಹೆದರಿಸಿದ್ದು ನಿಮ್ಮ ಅಟ್ಟ. ವೈನ್‌ಗೆ ಬೇಕಾದದ್ದು ವರ್ಷವಿಡೀ ಏರುಪೇರಿಲ್ಲದ 12ರಿಂದ 14 ಡಿಗ್ರಿ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದ್ದೇವೆಂದು ನಾವು ಬೆಂಗಳೂರಿಗರು ಎಷ್ಟೇ ಬೀಗಿದರೂ ಏಪ್ರಿಲ್ ಮಧ್ಯಾಹ್ನ ತಾರಸಿಯ ಕೆಳಗಿನ ಅಟ್ಟಕ್ಕೆ ಕೈಹಾಕಿ ನೋಡಿದವರಿಗೆ ನಿಜ ಗೊತ್ತು. ಸೆಕೆಯಲ್ಲಿ ವೈನ್ ಬೇಗ ಮುದಿಯಾಗುತ್ತದೆ. ಆ ಮೂರು ಬೇಸಿಗೆಗಳನ್ನು ನಾನು ಮೂರೇ ವರ್ಷವೆಂದು ಎಣಿಸಲಾರೆ.

ಮೊದಲು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ವೈನ್ ಕತ್ತಿನವರೆಗೆ ಇದ್ದರೆ ಸಮಾಧಾನ. ಹೆಗಲಿನ ಕೆಳಗೆ ಇಳಿದಿದ್ದರೆ ಒಳಗೆ ಗಾಳಿ ಹೆಚ್ಚಾಗಿದೆ ಎಂದರ್ಥ. ಬಿರಡೆ ಮೇಲಕ್ಕೆ ಉಬ್ಬಿದ್ದರೆ, ಕತ್ತಿನ ಸುತ್ತ ಅಂಟಂಟು ಕಲೆಯಿದ್ದರೆ ಅದು ಬಿಸಿಲಿನ ಕೆಲಸ: ವೈನ್ ಹಿಗ್ಗಿ ಬಿರಡೆಯನ್ನು ತಳ್ಳಿದೆ. ಹಾಗಿದ್ದರೂ ಚೆಲ್ಲಬೇಡಿ, ನಿರೀಕ್ಷೆಯನ್ನು ಮಾತ್ರ ಸ್ವಲ್ಪ ತಗ್ಗಿಸಿಕೊಳ್ಳಿ.

ಇನ್ನು ಏನನ್ನು ನಿರೀಕ್ಷಿಸಬೇಕು? ಹಳೆಯ ಬೋರ್ಡೋ ಕುಡಿದು ‘ಇಷ್ಟೇನಾ’ ಎಂದವರನ್ನು ಬಹಳ ನೋಡಿದ್ದೇನೆ. ಹೊಸ ವೈನ್‌ನ ಟ್ಯಾನಿನ್ ಹಸಿ ಅಡಿಕೆ ಜಗಿದಾಗ ನಾಲಿಗೆಯನ್ನು ಹಿಡಿದೆಳೆಯುವ ಒಗರಿನಂಥದ್ದು. ವರ್ಷಗಳು ಕಳೆದಂತೆ ಟ್ಯಾನಿನ್ ಕಣಗಳೂ ಬಣ್ಣದ ಕಣಗಳೂ ಒಂದಕ್ಕೊಂದು ಕೂಡಿ, ಭಾರವಾಗಿ, ತಳಕ್ಕೆ ಗಸಿಯಾಗಿ ಇಳಿಯುತ್ತವೆ. ನೇರಳೆಗೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ, ಒಗರು ಮೆತ್ತಗಾಗುತ್ತದೆ. ಹಣ್ಣಿನ ವಾಸನೆ ಹಿಂದೆ ಸರಿದು ದೇವದಾರು ಪೆಟ್ಟಿಗೆ, ಹೊಗೆಸೊಪ್ಪು, ಹದಮಾಡಿದ ಚರ್ಮ, ಮಳೆ ನಿಂತ ಮೇಲೆ ಮಲೆನಾಡಿನ ಕಾಡಿನಲ್ಲಿ ಏಳುವ ತರಗೆಲೆಯ ವಾಸನೆ ಬರುತ್ತವೆ. ಇದು ಗಟ್ಟಿ ದನಿಯ ಸುಖವಲ್ಲ. ಬಾಯಿತುಂಬ ಹಣ್ಣು ಬೇಕೆನ್ನುವವರು ಐದು ವರ್ಷದ ವೈನನ್ನೇ ಕುಡಿಯಲಿ, ಅದರಲ್ಲಿ ಅವಮಾನವೇನಿಲ್ಲ.

ಅಡಿಕೆಯ ಮಾತು ಬಂತಲ್ಲ. ಕೊಳೆರೋಗಕ್ಕೆ ನಮ್ಮ ಅಡಿಕೆ ಬೆಳೆಗಾರರು ಹೊಡೆಯುವ ಬೋರ್ಡೋ ಮಿಶ್ರಣ ಹುಟ್ಟಿದ್ದೂ ನಿಮ್ಮ ಬಾಟಲಿಯ ಊರಿನಲ್ಲೇ. ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ಅಲ್ಲಿನವರು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ತಗಲಿಲ್ಲವೆಂದು ಬೋರ್ಡೋ ವಿಶ್ವವಿದ್ಯಾಲಯದ ಮಿಲಾರ್ಡೆ 1882ರಲ್ಲಿ ಗಮನಿಸಿದರು. ತೀರ್ಥಹಳ್ಳಿಯ ತೋಟಕ್ಕೂ ಸೇಂಟ್ ಜೂಲಿಯನ್‌ಗೂ ಇರುವ ನಂಟು ಅಷ್ಟು ಹಳೆಯದು.

ತೆರೆಯುವ ವಿಚಾರ. ಎರಡು ದಿನ ಮೊದಲೇ ಬಾಟಲಿಯನ್ನು ಫ್ರಿಜ್‌ನೊಳಗೇ ನೆಟ್ಟಗೆ ನಿಲ್ಲಿಸಿ, ಗಸಿ ತಳ ಸೇರಲಿ. ಕುಡಿಯುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ. ಕೆಂಪು ವೈನ್ ಕೋಣೆಯ ಉಷ್ಣತೆಯಲ್ಲಿರಬೇಕು ಎಂಬ ಮಾತು ಯುರೋಪಿನ ಹಳೆಯ ಕಲ್ಲುಮನೆಗಳದ್ದು. ನಮಗೆ ಬೇಕಾದದ್ದು 16ರಿಂದ 18 ಡಿಗ್ರಿ. ಇಪ್ಪತ್ತು ವರ್ಷದ ಬಿರಡೆ ಪುಡಿಯಾಗುವ ಸಾಧ್ಯತೆ ಹೆಚ್ಚು. ತಿರುಪಿನ ಓಪನರ್ ಬದಲು ಎರಡು ತೆಳು ಅಲಗುಗಳಿರುವ ‘ಆ-ಸೋ’ ಸಿಕ್ಕರೆ ಅಲಗುಗಳನ್ನು ಬಿರಡೆಯ ಎರಡೂ ಬದಿಗೆ ಇಳಿಸಿ, ಮೆಲ್ಲಗೆ ತಿರುಗಿಸುತ್ತ ಎಳೆಯಿರಿ. ಮುರಿದರೆ ಗಾಬರಿ ಬೇಡ, ಸಾಬೂನಿನ ವಾಸನೆಯಿಲ್ಲದ ತೆಳು ಮಲ್ ಬಟ್ಟೆಯಲ್ಲಿ ಸೋಸಿದರಾಯಿತು.

ಬಸಿಯುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಬೆಣ್ಣೆ ಕಾಯಿಸಿದ ಮೇಲೆ ತಳದ ಗಸಿ ಕದಡದಂತೆ ತುಪ್ಪ ಬಗ್ಗಿಸುತ್ತೀರಲ್ಲ, ಹಾಗೆಯೇ. ಬಾಟಲಿಯ ಕತ್ತಿನ ಕೆಳಗೆ ಮೊಬೈಲ್ ಟಾರ್ಚ್ ಇಟ್ಟು, ಒಂದೇ ಧಾರೆಯಲ್ಲಿ ಗಾಜಿನ ಹೂಜಿಗೆ ಸುರಿಯಿರಿ. ಕಪ್ಪು ಗಸಿ ಕತ್ತಿಗೆ ಬಂದ ಕ್ಷಣ ನಿಲ್ಲಿಸಿ. ಇದನ್ನು ಊಟಕ್ಕೆ ಕೂರುವ ಹೊತ್ತಿಗೆ ಮಾಡಿ. ಗಾಳಿಯಾಡಲೆಂದು ಗಂಟೆಗಟ್ಟಲೆ ಬಿಡುವುದು ಹೊಸ ವೈನ್‌ಗೆ ಹೇಳಿದ ಮಾತು. ಒಮ್ಮೆ ನಾನೇ ಹಳೆಯ ಬಾಟಲಿಯೊಂದನ್ನು ಸಂಜೆ ಐದಕ್ಕೆ ಬಸಿದಿಟ್ಟು, ಟ್ರಾಫಿಕ್‌ನಲ್ಲಿ ಸಿಕ್ಕಿದ ಅತಿಥಿಗಳು ಎಂಟಕ್ಕೆ ಬಂದಾಗ ಅವರಿಗೆ ಹುಳಿನೀರು ಬಡಿಸಿದ್ದೇನೆ. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆಯ ದೋಷ, ಅದಕ್ಕೆ ಮದ್ದಿಲ್ಲ. ಆ ಹೊತ್ತು ಅಗರಬತ್ತಿ ಹಚ್ಚಬೇಡಿ. ಮಲ್ಲಿಗೆ ಮುಡಿಯಬೇಡಿ ಎಂದು ನಿಮ್ಮ ಮನೆಯವರಿಗೆ ಹೇಳುವ ಧೈರ್ಯ ನನಗಿಲ್ಲ.

ಊಟ ಸಪ್ಪೆಯ ಕಡೆಗೇ ಇರಲಿ. ಬೋರ್ಡೋದವರು ಇದಕ್ಕೆ ಎಳೆ ಕುರಿಯ ಮಾಂಸ ಸುಡುತ್ತಾರೆ. ಉಪ್ಪು, ತುಸು ಕಾಳುಮೆಣಸು ಹಾಕಿ ಹುರಿದ ಮಟನ್ ಸಾಕು. ಸಸ್ಯಾಹಾರಿಗಳಿಗೆ ಬೆಣ್ಣೆಯಲ್ಲಿ ಹುರಿದ ಅಣಬೆ, ಗಟ್ಟಿ ಚೀಸ್. ಬ್ಯಾಡಗಿ ಮೆಣಸಿನ ಸಾರು, ದೊನ್ನೆ ಬಿರಿಯಾನಿ ನನಗೂ ಪ್ರಾಣ, ಆದರೆ ಅವುಗಳ ಮುಂದೆ ಈ ಮುದುಕ ಬಾಯಿಬಿಡುವುದೇ ಇಲ್ಲ.

ಪ್ರಶ್ನೆ: ಲೇಬಲ್ ಮೇಲೆ ಬರೀ ‘ಬೋರ್ಡೋ’ ಎಂದಿರುವ ಒಂದು ಬಾಟಲಿ, ನಂದಿ ಬೆಟ್ಟದ ತಪ್ಪಲಿನ ಕೆಂಪು ವೈನ್ ಒಂದು ನನ್ನಲ್ಲಿವೆ. ಹತ್ತು ವರ್ಷ ಇಟ್ಟರೆ ರುಚಿ ಹೆಚ್ಚುತ್ತದೆಯೇ?

ಉತ್ತರ: ಇಲ್ಲ. ಬೋರ್ಡೋದಲ್ಲಿ ತಯಾರಾಗುವ ವೈನ್‌ನ ಬಹುಪಾಲು ಕೆಲವೇ ವರ್ಷಗಳಲ್ಲಿ ಕುಡಿಯಲೆಂದು ಮಾಡಿದ್ದು. ಊರಿನ ಅಥವಾ ಹೆಸರುವಾಸಿ ತೋಟದ ಹೆಸರಿಲ್ಲದೆ ಬರೀ ‘ಬೋರ್ಡೋ’ ಎಂದಿರುವುದು ಸಾಮಾನ್ಯವಾಗಿ ಆ ಬಗೆಯದು. ನಂದಿಯ ವೈನನ್ನೂ ಈ ವರ್ಷವೇ ಮುಗಿಸಿ. ಕಾಯುವ ಆಸೆ ಇದ್ದರೆ ಹದಕ್ಕೆ ಬರಬಲ್ಲ ಒಂದೇ ವೈನ್‌ನ ಮೂರು ಬಾಟಲಿ ಕೊಂಡು, ನಾಲ್ಕೈದು ವರ್ಷಕ್ಕೊಂದರಂತೆ ತೆರೆದು ನೋಡಿ. ವೈನ್ ಫ್ರಿಜ್‌ಗೆ ಯುಪಿಎಸ್ ಸಂಪರ್ಕ ಇದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.