ಲಿನಕ್ಸ್ ಇಮೇಜ್ ಇಳಿಸೋದು, ನಮ್ಮದೇ ಇಮೇಜ್ ಕಟ್ಟೋದು: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಶರಣು ಸರ್. ನಮ್ಮ ಪ್ರೌಢಶಾಲೆಯ ಲ್ಯಾಬಿನಲ್ಲಿ ಇನ್ನೂ ವಿಂಡೋಸ್ 10 ಇದೆ. ಅದರ ಬದಲು ಲಿನಕ್ಸ್‌ನ ಒಂದು ಬಗೆಯಾದ ಮಿಂಟ್ ಹಾಕೋಣ ಅಂತ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಐಎಸ್‌ಒ ಇಳಿಸಿದೆ. ನಡುವೆ ಕರೆಂಟ್ ಹೋಗಿ ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಕೊನೆಗೂ ಫೈಲ್ ಬಂತು, ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ, ಆದರೆ ಬೂಟ್ ಆಗುತ್ತಿಲ್ಲ. ಪೆನ್‌ಡ್ರೈವ್ ಕೆಟ್ಟಿದೆಯಾ?
(ಶಿಕ್ಷಕರು, ಭಾಲ್ಕಿ ತಾಲ್ಲೂಕು)

ಉತ್ತರ: ಶರಣು ಸರ್. ಪೆನ್‌ಡ್ರೈವ್ ಮೇಲೆ ಸಂಶಯ ಬೇಡ, ಸುಮ್ನೆ ಹೊಸದು ಕೊಳ್ಳಬೇಡಿ. ತೊಂದರೆ ಇರುವುದು ಕಾಪಿ ಮಾಡಿದ್ದರಲ್ಲಿ. ಐಎಸ್‌ಒ ಅಂದರೆ ಇಡೀ ಡಿಸ್ಕಿನ ನಕಲು. ಬೂಟ್ ಆಗಲು ಬೇಕಾದ ಮಾಹಿತಿ ಅದರ ಶುರುವಿನಲ್ಲೇ ಇರುತ್ತದೆ, ಅದು ಪೆನ್‌ಡ್ರೈವಿನ ಶುರುವಿಗೇ ಹೋಗಿ ಕೂರಬೇಕು. ಫೋಟೊ ಹಾಕಿದ ಹಾಗೆ ಕಾಪಿ ಮಾಡಿದರೆ ಅದು ಒಳಗೆಲ್ಲೋ ಒಂದು ಫೈಲ್ ಆಗಿ ಬಿದ್ದಿರುತ್ತದೆ, ಕಂಪ್ಯೂಟರ್‌ಗೆ ಕಾಣುವುದೇ ಇಲ್ಲ. ರೂಫಸ್ ಅಥವಾ ಬಲೇನಾ ಎಚರ್ ಎಂಬ ತಂತ್ರಾಂಶದಿಂದ ಬರೆಯಿರಿ. ಇಲ್ಲದಿದ್ದರೆ ವೆಂಟಾಯ್ ಹಾಕಿಕೊಳ್ಳಿ. ಅದನ್ನು ಪೆನ್‌ಡ್ರೈವ್‌ಗೆ ಒಮ್ಮೆ ಇನ್‌ಸ್ಟಾಲ್ ಮಾಡಿದರೆ ಆಮೇಲೆ ನೀವು ಮಾಡಿದ ಹಾಗೆ ಬರೀ ಐಎಸ್‌ಒ ಕಾಪಿ ಮಾಡಿದರೂ ನಡೆಯುತ್ತದೆ, ನಾಲ್ಕೈದು ಬೇರೆ ಬೇರೆ ಲಿನಕ್ಸ್ ಒಂದೇ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬಹುದು. ಯಾವುದೇ ದಾರಿ ಹಿಡಿದರೂ ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿ ಹೋಗುತ್ತದೆ, ಮಕ್ಕಳ ಅಂಕಪಟ್ಟಿ ಏನಾದರೂ ಇದ್ದರೆ ತೆಗೆದಿಡಿ.

ಬರೆಯುವ ಮುಂಚೆ ಇನ್ನೊಂದು ಕೆಲಸ ಇದೆ, ಜಾಸ್ತಿ ಜನ ಬಿಟ್ಟುಬಿಡುವುದು ಇದನ್ನೇ. ಫೈಲ್ ಪೂರ್ತಿ ಸರಿಯಾಗಿ ಬಂದಿದೆಯಾ ಅಂತ ನೋಡಬೇಕು. ಮಿಂಟ್ ಡೌನ್‌ಲೋಡ್ ಪುಟದಲ್ಲೇ ಎಸ್‌ಎಚ್‌ಎ256 ಚೆಕ್‌ಸಮ್ ಕೊಟ್ಟಿರುತ್ತಾರೆ, ಫೈಲಿನಿಂದಲೇ ಲೆಕ್ಕ ಹಾಕಿ ತೆಗೆದ 64 ಅಕ್ಷರ ಮತ್ತು ಅಂಕಿಗಳ ಉದ್ದ ಸಾಲು. ವಿಂಡೋಸ್‌ನಲ್ಲಿ ಪವರ್‌ಶೆಲ್ ಎಂಬ ಆದೇಶ ಟೈಪ್ ಮಾಡುವ ಕಿಟಕಿ ತೆರೆದು ಗೆಟ್-ಫೈಲ್‌ಹ್ಯಾಶ್ (Get-FileHash) ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಐಎಸ್‌ಒ ಫೈಲನ್ನು ಎಳೆದು ಅಲ್ಲೇ ಬಿಡಿ, ಎಂಟರ್ ಒತ್ತಿ. ಬರುವ ಸಾಲು ಪುಟದ ಸಾಲಿಗೆ ಪೂರ್ತಿ ಹೊಂದಬೇಕು. ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸ ಲೆಕ್ಕಕ್ಕಿಲ್ಲ. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾಗಿದ್ದರೂ ಸಾಲು ಬೇರೆಯೇ ಬರುತ್ತದೆ, ಆಗ ಆ ಫೈಲ್ ಅಳಿಸಿ.

ಇದು ಬರೀ ಅರ್ಧಂಬರ್ಧ ಇಳಿದ ಫೈಲ್ ಹಿಡಿಯೋಕೆ ಅಂದುಕೊಳ್ಳಬೇಡಿ. 2016ರ ಫೆಬ್ರವರಿ 20ರಂದು ಮಿಂಟ್‌ನ ಜಾಲತಾಣಕ್ಕೇ ಕನ್ನ ಹಾಕಿದ್ದರು. ಮಿಂಟ್ 17.3 ಸಿನಮನ್ ಆವೃತ್ತಿಯ ಲಿಂಕ್ ಬದಲಿಸಿ, ಹೊರಗಿನವರು ಗುಟ್ಟಾಗಿ ಒಳಬರಲು ಹಿಂಬಾಗಿಲು ಇಟ್ಟ ಐಎಸ್‌ಒ ಕಡೆಗೆ ತಿರುಗಿಸಿಬಿಟ್ಟಿದ್ದರು. ಪುಟಕ್ಕೇ ಕೈ ಹಾಕಿದವರು ಚೆಕ್‌ಸಮ್ ಕೂಡ ಬದಲಿಸಬಹುದು ಅಲ್ವಾ? ಅದಕ್ಕೇ ಚೆಕ್‌ಸಮ್ ಫೈಲಿಗೆ ಜಿಪಿಜಿ ಸಹಿಯನ್ನೂ ಹಾಕಿರುತ್ತಾರೆ, ಅಂದರೆ ಮಿಂಟ್‌ನವರ ಗುಟ್ಟಿನ ಕೀ ಇಲ್ಲದೆ ಹಾಕಲಾಗದ ಡಿಜಿಟಲ್ ಸಹಿ. ಮಕ್ಕಳು ಕೂರುವ ಲ್ಯಾಬಿಗೆ ಹಾಕುತ್ತಿದ್ದೀರಿ, ಸ್ವಲ್ಪ ಸಮಯ ಕೊಟ್ಟು ಆ ಸಹಿಯನ್ನೂ ಪರೀಕ್ಷಿಸಿ. ಗೆಳೆಯರು ಕೊಟ್ಟ ಐಎಸ್‌ಒ ಆದರೂ ಅಷ್ಟೇ.

ಕರೆಂಟಿನ ಕಾಟಕ್ಕೆ ಟೊರೆಂಟ್ ಬಳಸಿ. ಟೊರೆಂಟ್ ಅಂದ ಕೂಡಲೇ ಕದ್ದ ಸಿನಿಮಾ ನೆನಪಿಗೆ ಬರುತ್ತದೆ, ಆದರೆ ಮಿಂಟ್, ಉಬುಂಟು, ಡೆಬಿಯನ್ ಎಲ್ಲರೂ ತಾವೇ ಟೊರೆಂಟ್ ಫೈಲ್ ಕೊಡುತ್ತಾರೆ. ಅದು ಇಮೇಜನ್ನು ಚೂರು ಚೂರಾಗಿ ತರುತ್ತದೆ, ಪ್ರತಿ ಚೂರನ್ನೂ ಪರೀಕ್ಷಿಸುತ್ತದೆ, ನಿಂತಲ್ಲಿಂದಲೇ ಮುಂದುವರಿಯುತ್ತದೆ. ಮಿಂಟ್ ಸುಮಾರು 3 ಜಿಬಿ ಇದೆ. ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದರೆ ಎರಡು ಮೂರು ದಿನಕ್ಕೆ ಹಂಚಿಕೊಂಡು ಇಳಿಸಬಹುದು. ಅಪ್‌ಲೋಡ್‌ಗೆ ಮಿತಿ ಹಾಕುವುದು ಮರೀಬೇಡಿ, ಅದೂ ನಿಮ್ಮ ಡೇಟಾದಲ್ಲೇ ಹೋಗುತ್ತದೆ.

ಪ್ರಶ್ನೆ: ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಊರಿನ ಕನ್ನಡ ಮತ್ತು ಉರ್ದು ಶಾಲೆಗಳಿಗೆ ಎರಡೂ ಭಾಷೆಯ ಫಾಂಟ್, ಕೀಬೋರ್ಡ್ ಮೊದಲೇ ಇರುವ ಲಿನಕ್ಸ್ ಮಾಡಿಕೊಡಬೇಕು ಅಂತಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸೆಟ್ ಇದೆ. ಅದನ್ನೇ ಇಮೇಜ್ ಮಾಡಿ ಹಂಚಬಹುದಾ?

ಉತ್ತರ: ತುಂಬ ಒಳ್ಳೆ ಕೆಲಸ, ಖಂಡಿತ ಮಾಡಿ. ಆದರೆ ನಿಮ್ಮ ಲ್ಯಾಪ್‌ಟಾಪಿನ ನಕಲು ಹಂಚಲೇಬೇಡಿ. ನಿಮ್ಮ ವೈಫೈ ಪಾಸ್‌ವರ್ಡ್, ಬ್ರೌಸರ್ ಲಾಗಿನ್ ಎಲ್ಲ ಅದರ ಜೊತೆ ಹೋಗುತ್ತದೆ. ಎಲ್ಲ ಕಂಪ್ಯೂಟರ್‌ಗೂ ಒಂದೇ ಮಷೀನ್ ಐಡಿ (ಕಂಪ್ಯೂಟರಿನ ಗುರುತಿನ ಸಂಖ್ಯೆ), ಒಂದೇ ಎಸ್‌ಎಸ್‌ಎಚ್ ಕೀ (ದೂರದಿಂದ ಲಾಗಿನ್ ಆಗುವಾಗ ಬಳಸುವ ಗುಟ್ಟಿನ ಕೀ) ಬರುತ್ತದೆ. ಮಷೀನ್ ಐಡಿ ಒಂದೇ ಆದರೆ ಲ್ಯಾಬಿನ ಎರಡು ಕಂಪ್ಯೂಟರ್‌ಗೆ ಒಂದೇ ಐಪಿ ವಿಳಾಸ ಸಿಕ್ಕಿ ನೆಟ್ ಕೈಕೊಡಬಹುದು, ಕಾರಣ ಹುಡುಕುವಷ್ಟರಲ್ಲಿ ಸಾಕು ಸಾಕಾಗುತ್ತದೆ.

ಡೆಬಿಯನ್‌ನ ಲೈವ್-ಬಿಲ್ಡ್ ಬಳಸಿ, ನಮ್ಮದೇ ಇಮೇಜ್ ಕಟ್ಟಿಕೊಡುವ ತಂತ್ರಾಂಶ ಅದು. ಒಂದು ಖಾಲಿ ಫೋಲ್ಡರಿನಲ್ಲಿ ಎಲ್‌ಬಿ ಕಾನ್ಫಿಗ್ (lb config) ಎಂಬ ಆದೇಶ ಕೊಟ್ಟರೆ ಸೆಟ್ಟಿಂಗ್‌ಗಳ ಫೋಲ್ಡರ್ ತಯಾರಾಗುತ್ತದೆ. ಅದರೊಳಗಿನ ಪ್ಯಾಕೇಜ್ ಪಟ್ಟಿಯಲ್ಲಿ ನಿಮಗೆ ಬೇಕಾದ್ದನ್ನು ಬರೆಯಿರಿ: ಡೆಸ್ಕ್‌ಟಾಪ್, ಲಿಬ್ರೆಆಫೀಸ್, ಕನ್ನಡಕ್ಕೆ ಲೋಹಿತ್ ಮತ್ತು ಗುಬ್ಬಿ ಫಾಂಟ್, ಉರ್ದುವಿಗೆ ನೋಟೊ ನಸ್ತಾಲೀಕ್, ಟೈಪಿಂಗ್‌ಗೆ ಐಬಸ್ ಎಂಬ ತಂತ್ರಾಂಶ ಮತ್ತು ಹಲವು ಭಾಷೆಗಳ ಕೀಬೋರ್ಡ್ ಕೊಡುವ ಅದರ ಎಂ17ಎನ್ (m17n). ಕಗಪ ಕೀಬೋರ್ಡ್ ವಿನ್ಯಾಸ ಲಿನಕ್ಸ್‌ನಲ್ಲಿ ಮೊದಲೇ ಇದೆ, ಆನ್ ಮಾಡಿದರೆ ಸಾಕು. ಪ್ರತಿ ಹೊಸ ಬಳಕೆದಾರರಿಗೂ ಆ ಸೆಟ್ಟಿಂಗ್ ತಾನಾಗಿ ಬರಬೇಕಿದ್ದರೆ ಫೈಲುಗಳನ್ನು ಸ್ಕೆಲ್ ಫೋಲ್ಡರಿನಲ್ಲಿ ಇಡಿ. ಆಮೇಲೆ ರೂಟ್ ಆಗಿ, ಅಂದರೆ ಪೂರ್ತಿ ಅಧಿಕಾರದ ಬಳಕೆದಾರರಾಗಿ, ಎಲ್‌ಬಿ ಬಿಲ್ಡ್ (lb build) ಓಡಿಸಿ. ಅದು ಮೊದಲು ಪುಟ್ಟ ಡೆಬಿಯನ್ ಒಂದನ್ನು ಫೋಲ್ಡರಿನೊಳಗೆ ನಿಲ್ಲಿಸುತ್ತದೆ, ಅದರಲ್ಲಿ ನಿಮ್ಮ ಪಟ್ಟಿಯನ್ನೆಲ್ಲ ಇನ್‌ಸ್ಟಾಲ್ ಮಾಡುತ್ತದೆ, ಸ್ಕ್ವಾಷ್‌ಎಫ್‌ಎಸ್ ಆಗಿ ಒತ್ತಿ ಸಣ್ಣದು ಮಾಡುತ್ತದೆ, ಕರ್ನಲ್ (ಲಿನಕ್ಸ್‌ನ ತಿರುಳು) ಮತ್ತು ಅದನ್ನು ಶುರು ಮಾಡುವ ಬೂಟ್‌ಲೋಡರ್ ಸೇರಿಸಿ ಐಎಸ್‌ಒ ಕೊಡುತ್ತದೆ. 20 ಜಿಬಿಯಾದರೂ ಖಾಲಿ ಜಾಗ ಇಟ್ಟುಕೊಳ್ಳಿ.

ಎರಡು ಕಡೆ ಜನ ಎಡವುತ್ತಾರೆ. ಕಾನ್ಫಿಗ್ ಹಂತದಲ್ಲಿ ಇನ್‌ಸ್ಟಾಲರ್ ಬೇಕು ಅಂತ ಹೇಳದಿದ್ದರೆ ನಿಮ್ಮ ಐಎಸ್‌ಒ ಪೆನ್‌ಡ್ರೈವಿನಿಂದ ಚೆನ್ನಾಗಿ ಓಡುತ್ತದೆ, ಆದರೆ ಹಾರ್ಡ್‌ಡಿಸ್ಕಿಗೆ ಹಾಕುವ ದಾರಿಯೇ ಇರುವುದಿಲ್ಲ. ಎರಡನೆಯದು ಡೇಟಾ. ಬಿಲ್ಡ್ ಕೆಟ್ಟು ಮತ್ತೆ ಶುರು ಮಾಡುವಾಗ ಬರೀ ಎಲ್‌ಬಿ ಕ್ಲೀನ್ (lb clean) ಕೊಡಿ, ಇಳಿಸಿದ ಪ್ಯಾಕೇಜುಗಳು ಕ್ಯಾಷ್ ಎಂಬ ಸಂಗ್ರಹ ಫೋಲ್ಡರಿನಲ್ಲಿ ಉಳಿಯುತ್ತವೆ. ಅದಕ್ಕೆ ಪರ್ಜ್ (--purge) ಸೇರಿಸಿದರೆ ಎಲ್ಲ ಹೋಗಿ ಮತ್ತೆ ಮೊದಲಿಂದ ಇಳಿಸಬೇಕು.

ನಿಜವಾಗಿ ಜೋಪಾನ ಮಾಡಬೇಕಾದದ್ದು ಆ ಸೆಟ್ಟಿಂಗ್ ಫೋಲ್ಡರ್. ಐಎಸ್‌ಒ ಬೇಗ ಹಳತಾಗುತ್ತದೆ, ಸುರಕ್ಷತಾ ಅಪ್‌ಡೇಟ್ ಬರುತ್ತಲೇ ಇರುತ್ತವೆ. ಫೋಲ್ಡರ್ ಗಿಟ್‌ನಲ್ಲಿ (ಫೈಲುಗಳ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶ) ಇದ್ದರೆ ಮುಂದಿನ ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಮತ್ತೆ ಬಿಲ್ಡ್ ಮಾಡಿ ಹೊಸ ಇಮೇಜ್ ಕೊಡಬಹುದು. ನೀವು ಕೆಲಸಕ್ಕೆ ಬೆಂಗಳೂರಿಗೋ ಹೈದರಾಬಾದಿಗೋ ಹೋದರೂ ಜೂನಿಯರ್ ಒಬ್ಬರು ಮುಂದುವರಿಸಬಹುದು. ಹಂಚುವ ಮುಂಚೆ ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ತಂತ್ರಾಂಶ) ನೆಟ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ ನೋಡಿ. ಶಾಲೆಯಲ್ಲಿ ನೆಟ್ ಇರುತ್ತೆ ಅಂತ ನಂಬಬೇಡಿ. ನಿಮ್ಮ ಐಎಸ್‌ಒ ಜೊತೆ ಅದರ ಚೆಕ್‌ಸಮ್ ಕೊಡಿ.

ಪ್ರಶ್ನೆ: ಶಹಾಪುರದಲ್ಲಿ ನನ್ನ ಜೆರಾಕ್ಸ್ ಅಂಗಡಿ. ಹಳೆ ಕಂಪ್ಯೂಟರಿನಲ್ಲಿ 32 ಬಿಟ್ ವಿಂಡೋಸ್ ಇದೆ. ಯಾವ ಲಿನಕ್ಸ್ ಇಳಿಸಲಿ?

ಉತ್ತರ: ಮೊದಲು ಪ್ರೊಸೆಸರ್ ನೋಡಿ. 32 ಬಿಟ್ ವಿಂಡೋಸ್ ಓಡುತ್ತಿರುವ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಪ್ರೊಸೆಸರ್ 64 ಬಿಟ್‌ನದ್ದೇ ಇರುತ್ತದೆ. ಸಿಸ್ಟಮ್ ಮಾಹಿತಿಯಲ್ಲಿ ಎಕ್ಸ್64 ಪ್ರೊಸೆಸರ್ ಅಂತ ಇದ್ದರೆ 64 ಬಿಟ್ ಇಮೇಜೇ ಇಳಿಸಿ, ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ನಿಜವಾಗಿಯೂ 32 ಬಿಟ್ ಆಗಿದ್ದರೆ ಡೆಬಿಯನ್ 12 ಹಾಕಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ಕ್ಕೆ 32 ಬಿಟ್ ಇನ್‌ಸ್ಟಾಲರ್ ಇಲ್ಲ, ಹಾಗಾಗಿ ಮುಖಪುಟದ ದೊಡ್ಡ ಬಟನ್ ಒತ್ತದೆ ಹಳೆ ಆವೃತ್ತಿಗಳ ಆರ್ಕೈವ್‌ಗೆ ಹೋಗಿ, ಐ386 (i386, ಅಂದರೆ 32 ಬಿಟ್) ಅಂತ ಇರುವ ಇಮೇಜ್ ತೆಗೆದುಕೊಳ್ಳಿ. 64 ಬಿಟ್ ಮಿಂಟ್ ಆದರೆ, ಪ್ರಿಂಟರ್ ಓಡುತ್ತಾ ಅಂತ ಇನ್‌ಸ್ಟಾಲ್ ಮಾಡುವ ಮುಂಚೆ ಪೆನ್‌ಡ್ರೈವಿನಿಂದಲೇ ಓಡಿಸಿ (ಇದೇ ಲೈವ್ ಇಮೇಜ್) ನೋಡಿಕೊಳ್ಳಿ.