ದುಬಾರಿ ಶಾಂಪೂ ಕೊಳ್ಳುವ ಮುಂಚೆ ನಲ್ಲಿ ನೀರು ನೋಡಿ

ಪ್ರಶ್ನೆ: ಹುಬ್ಬಳ್ಳಿಯಿಂದ ಪುಣೆಯ ವಾಕಡ್‌ಗೆ ಬಂದು ಎರಡು ವರ್ಷವಾಯಿತು. ಆಗಿನಿಂದ ಕೂದಲು ತೆಂಗಿನ ನಾರಿನ ಹಾಗೆ ಒರಟಾಗಿದೆ, ಸಿಕ್ಕು ಬಿಡಿಸುವಷ್ಟರಲ್ಲಿ ಸಾಕಾಗುತ್ತದೆ. ಪಾರ್ಲರ್‌ನವರು 1,900 ರೂಪಾಯಿಯ ಶಾಂಪೂ, 2,800 ರೂಪಾಯಿಯ ಮಾಸ್ಕ್ ತೊಗೊಳ್ಳಿ ಅಂತಾರೆ. ಅಷ್ಟು ದುಡ್ಡು ಹಾಕಬಹುದೇ?

ಉತ್ತರ: ಶಾಂಪೂಗೆ ಬೇಡ. ಮಾಸ್ಕಿಗೂ ಈಗಲೇ ಬೇಡ. ನಿಮ್ಮ ಸೊಸೈಟಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಮೊದಲು ವಿಚಾರಿಸಿ. ವಾಕಡ್, ಬಾಣೇರ್, ಹಿಂಜವಡಿ ಕಡೆ ಎಷ್ಟೋ ಕಟ್ಟಡಗಳಲ್ಲಿ ಪಾಲಿಕೆಯ ನೀರು ಸಾಲದೆ ಟ್ಯಾಂಕರ್, ಬೋರ್‌ವೆಲ್ ನೀರನ್ನೂ ತೊಟ್ಟಿಗೆ ಬಿಡುತ್ತಾರೆ. ಬೋರ್‌ವೆಲ್ ನೀರಿನಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು.

ಮನೆಯಲ್ಲೇ ನೋಡಬಹುದು. ಎರಡು ಪಾರದರ್ಶಕ ಬಾಟಲಿ ತೊಗೊಂಡು ಒಂದಕ್ಕೆ ಅರ್ಧದಷ್ಟು ಸ್ನಾನದ ನೀರು, ಇನ್ನೊಂದಕ್ಕೆ ಅಷ್ಟೇ ಆರ್‌ಓ ನೀರು ತುಂಬಿ. ಎರಡಕ್ಕೂ ಮೈ ಸೋಪಿನ ಚೂರು ಒಂದೊಂದು ಚಿಟಿಕೆ ಹಾಕಿ ಹತ್ತು ಸಲ ಕುಲುಕಿ. ಆರ್‌ಓ ನೀರಲ್ಲಿ ನೊರೆ ಏಳುತ್ತದೆ. ಸ್ನಾನದ ನೀರು ನೊರೆ ಬರದೆ ಹಾಲು ಒಡೆದಂತೆ ಕಂಡರೆ ಅದು ಗಡಸು ನೀರು. ಹ್ಯಾಂಡ್‌ವಾಶ್ ಅಥವಾ ಶಾಂಪೂ ಹಾಕಿ ನೋಡಬೇಡಿ, ಅವು ಗಡಸು ನೀರಲ್ಲೂ ನೊರೆ ಕೊಡುತ್ತವೆ.

ಕೂದಲಿನ ಮೇಲ್ಮೈಗೆ ಋಣ ವಿದ್ಯುದಂಶ ಇರುತ್ತದೆ, ಕ್ಯಾಲ್ಸಿಯಂಗೆ ಧನ. ಹಾಗಾಗಿ ಅದು ಕೂದಲಿಗೆ ಅಂಟಿ ಕೂರುತ್ತದೆ. ಬಣ್ಣ ಹಾಕಿದ, ಬಿಸಿ ತಾಗಿದ ಕೂದಲಿಗೆ ಇನ್ನೂ ಹೆಚ್ಚು. ಷವರ್‌ಗೆ ಸಿಕ್ಕಿಸುವ ಪುಟ್ಟ ಫಿಲ್ಟರುಗಳನ್ನು ನಂಬಿ ದುಡ್ಡು ಕಳೆದುಕೊಳ್ಳಬೇಡಿ. ಅವು ಕ್ಲೋರಿನ್, ಕೆಸರು ಕಡಿಮೆ ಮಾಡಬಹುದು, ಗಡಸುತನ ತೆಗೆಯುವುದಿಲ್ಲ. ಅದಕ್ಕೆ ಉಪ್ಪು ಹಾಕುವ ಸಾಫ್ಟ್‌ನರ್ ಯಂತ್ರವೇ ಬೇಕು. ಅದಿಲ್ಲದಿದ್ದರೆ ಎರಡು ವಾರಕ್ಕೊಮ್ಮೆ ಹಾರ್ಡ್ ವಾಟರ್‌ಗೆಂದೇ ಮಾರುವ, ಅಂಟಿದ ಕ್ಯಾಲ್ಸಿಯಂ ಬಿಡಿಸುವ ಚೀಲೇಟಿಂಗ್ ಶಾಂಪೂ ಸಾಕು. ಅದಕ್ಕಿಂತ ಹೆಚ್ಚು ಹಾಕಿದರೆ ಕೂದಲು ಒಣಗುತ್ತದೆ. ಉಳಿದ ದಿನ ಕೊನೆಯ ಎರಡು ತಂಬಿಗೆ ಆರ್‌ಓ ನೀರಿನದಿರಲಿ.

ಇನ್ನು ಶಾಂಪೂ ವಿಷಯ. ನೂರೈವತ್ತರದ್ದಾಗಲಿ ಎರಡು ಸಾವಿರದ್ದಾಗಲಿ, ಬಹಳಷ್ಟು ಶಾಂಪೂಗಳಲ್ಲಿ ತೊಳೆಯುವ ಕೆಲಸ ಮಾಡುವುದು ಸೋಡಿಯಂ ಲಾರೆತ್ ಸಲ್ಫೇಟ್, ಕೊಕಾಮಿಡೋಪ್ರೊಪೈಲ್ ಬೀಟೈನ್ ಥರದ ವಸ್ತುಗಳೇ. ಒಂದೆರಡು ನಿಮಿಷ ತಲೆಯ ಮೇಲಿದ್ದು ಮೋರಿಗೆ ಹೋಗುವ ವಸ್ತುವಿಗೆ ಸಾವಿರಗಟ್ಟಲೆ ಕೊಡುವುದು ದಂಡ.

ತೊಳೆದ ಮೇಲೂ ಕೂದಲಲ್ಲಿ ಉಳಿಯುವುದು ಕಂಡೀಶನರ್. ಬಾಟಲಿಯ ಹಿಂದೆ ಬೆಹೆನ್‌ಟ್ರೈಮೋನಿಯಂ ಅಥವಾ ಸೆಟ್ರಿಮೋನಿಯಂ ಕ್ಲೋರೈಡ್, ಸೆಟಿಯರಿಲ್ ಆಲ್ಕೋಹಾಲ್, ಡೈಮೆಥಿಕೋನ್ ಇವೆಯೇ ನೋಡಿ. ಆಲ್ಕೋಹಾಲ್ ಎಂಬ ಹೆಸರಿಗೆ ಹೆದರಬೇಡಿ, ಇದು ಮೇಣದಂಥ ಜಿಡ್ಡು, ಕೂದಲನ್ನು ಒಣಗಿಸುವುದಿಲ್ಲ. 300–400 ರೂಪಾಯಿಯ ಬಾಟಲಿಯಲ್ಲೂ ಇವೆಲ್ಲ ಸಿಗುತ್ತವೆ. ಹೆಚ್ಚಿನವರು ತಪ್ಪುವುದು ಹಚ್ಚುವುದರಲ್ಲಿ. ನೀರು ತೊಟ್ಟಿಕ್ಕುವ ಕೂದಲಿಗೆ ಹಚ್ಚಿದರೆ ಕಂಡೀಶನರ್ ತೆಳುವಾಗಿ ಜಾರಿಹೋಗುತ್ತದೆ. ಮೊದಲು ಕೂದಲನ್ನು ಹಿಂಡಿ ಟವೆಲ್‌ನಲ್ಲಿ ಒತ್ತಿ. ಸೊಂಟದುದ್ದದ ಕೂದಲಾದರೆ ಎರಡು ಅಡಿಕೆಯಷ್ಟು ತೊಗೊಂಡು ಕಿವಿಯಿಂದ ಕೆಳಕ್ಕೆ ಮಾತ್ರ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ, ಮೂರು ನಿಮಿಷ ಬಿಟ್ಟು ತೊಳೆಯಿರಿ.

ಕೂದಲಿಗೆ ಬ್ಲೀಚ್ ಮಾಡಿಸಿದ್ದರೆ ಮಾತ್ರ ಒಲಾಪ್ಲೆಕ್ಸ್ ಥರದ ಬಾಂಡ್ ಬಿಲ್ಡರ್‌ಗೆ (ಕೂದಲೊಳಗಿನ ಮುರಿದ ಬಂಧಗಳನ್ನು ಜೋಡಿಸಲೆಂದು ಮಾರುವ ವಸ್ತು) ದುಡ್ಡು ಹಾಕುವುದರಲ್ಲಿ ಅರ್ಥವಿದೆ. ಮಿಕ್ಕವರಿಗೆ ತಲೆಸ್ನಾನದ ಹಿಂದಿನ ರಾತ್ರಿ ಎರಡು ಚಮಚ ಕೊಬ್ಬರಿ ಎಣ್ಣೆ. ಅದರ ಲಾರಿಕ್ ಆಮ್ಲ ಕೂದಲಿನ ಒಳಕ್ಕೆ ಇಳಿದು ತೊಳೆಯುವಾಗ ಪ್ರೋಟೀನ್ ಸೋರುವುದನ್ನು ತಗ್ಗಿಸುತ್ತದೆ. 2003ರಲ್ಲಿ ಇದನ್ನು ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಜೊತೆ ಹೋಲಿಸಿ ತೋರಿಸಿದ್ದು ಮುಂಬಯಿಯ ಮಾರಿಕೊ ಕಂಪನಿಯ ಸಂಶೋಧಕರು. ಎಣ್ಣೆ ಮಾರುವವರದೇ ಅಧ್ಯಯನ ಎಂಬುದು ಗಮನದಲ್ಲಿರಲಿ.

ಪ್ರಶ್ನೆ: ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿಯಬೇಕು. ಒದ್ದೆ ಕೂದಲನ್ನೇ ತುರುಬು ಕಟ್ಟಿ ಓಡುತ್ತೇನೆ. ಮೂವತ್ತು ಸಾವಿರ ದಾಟುವ ಡ್ರೈಯರ್ ಕೂದಲು ಹಾಳು ಮಾಡುವುದಿಲ್ಲವಂತೆ, ನಿಜವೇ?

ಉತ್ತರ: ಬೆಲೆಗಿಂತ ನೀವು ಹಿಡಿಯುವ ದೂರ ಮುಖ್ಯ. 2011ರಲ್ಲಿ ಪ್ರಕಟವಾದ ಕೊರಿಯಾದ ಅಧ್ಯಯನದಲ್ಲಿ ಡ್ರೈಯರ್ 15 ಸೆಂ.ಮೀ. ದೂರದಲ್ಲಿದ್ದಾಗ ಕೂದಲಿಗೆ ತಾಗಿದ ಬಿಸಿ 47 ಡಿಗ್ರಿ, 10 ಸೆಂ.ಮೀ.ಗೆ 61, 5 ಸೆಂ.ಮೀ.ಗೆ 95. ಒಂದು ಗೇಣಿಗಿಂತ ತುಸು ಕಡಿಮೆ ದೂರದಲ್ಲಿ ಆಡಿಸುತ್ತಾ ಒಣಗಿಸಿದರೆ ಹೆಚ್ಚು ಹಾನಿಯಿಲ್ಲ. ಗಂಟೆಗಟ್ಟಲೆ ಒದ್ದೆಯಾಗಿಯೇ ಬಿಟ್ಟ ಕೂದಲಿನ ಒಳಪದರಕ್ಕೂ ಪೆಟ್ಟು ಬಿದ್ದದ್ದು ಅದೇ ಅಧ್ಯಯನದಲ್ಲಿ ಕಂಡಿದೆ. ಆದ್ದರಿಂದ ಒದ್ದೆ ತುರುಬು ಬಿಡಿ. ದುಬಾರಿ ಡ್ರೈಯರ್ ಬಿಸಿಯನ್ನು ತಾನೇ ಅಳೆದು ಹತೋಟಿಯಲ್ಲಿಡುತ್ತದೆ, ಬೇಗ ಒಣಗಿಸುತ್ತದೆ. ಅನುಕೂಲ ನಿಜ, ಆದರೆ 2,000 ರೂಪಾಯಿಯ ಡ್ರೈಯರ್‌ಗೆ ತಣ್ಣನೆ ಗಾಳಿಯ ಗುಂಡಿ, ಬಿಚ್ಚಿ ತೊಳೆಯಬಹುದಾದ ಹಿಂದಿನ ಜಾಲರಿ ಇದ್ದರೆ ನಿಮ್ಮ ಕೆಲಸಕ್ಕೆ ಸಾಕು. ಜಾಲರಿಗೆ ಧೂಳು, ಕೂದಲು ಕಟ್ಟಿದರೆ ಗಾಳಿ ಕಡಿಮೆಯಾಗಿ ಒಳಗಿನ ಕಾಯಿಲ್ ಅತಿಯಾಗಿ ಕಾಯುತ್ತದೆ, ಡ್ರೈಯರ್ ನಡುನಡುವೆ ಆಫ್ ಆಗುತ್ತದೆ. ತಿಂಗಳಿಗೊಮ್ಮೆ ಹಳೇ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ.

ಸ್ಟ್ರೈಟ್‌ನರ್‌ಗೆ ಮಾತ್ರ ಸ್ವಲ್ಪ ಹೆಚ್ಚು ಕೊಡಿ. ಡಿಗ್ರಿ ತೋರಿಸದ ಅಗ್ಗದ್ದು ಎಷ್ಟು ಕಾಯುತ್ತದೋ ಗೊತ್ತಾಗುವುದಿಲ್ಲ. ತೆಳು ಕೂದಲಿಗೆ 150, ದಪ್ಪ ಕೂದಲಿಗೆ 180ರ ಒಳಗಿರಲಿ. ಎಳೆಯುವಾಗ ಚುಂಯ್ ಎಂದು ಹಬೆ ಎದ್ದರೆ ತಕ್ಷಣ ನಿಲ್ಲಿಸಿ. ಕೂದಲೊಳಗಿನ ನೀರು ಕುದಿದು ಗುಳ್ಳೆ ಕಟ್ಟುತ್ತದೆ, ಮುಂದೆ ಅಲ್ಲೇ ತುಂಡಾಗುತ್ತದೆ. ಮಳೆಗಾಲದಲ್ಲಿ ಈ ಶ್ರಮವೇ ಬೇಡ. ಬಿಸಿಯಿಂದ ನೇರವಾದ ಕೂದಲು ಗಾಳಿಯ ತೇವ ಹೀರಿ, ನೀವು ದಾದರ್ ತಲುಪುವಷ್ಟರಲ್ಲಿ ಮತ್ತೆ ಸುರುಳಿಯಾಗಿರುತ್ತದೆ.

ಪ್ರಶ್ನೆ: ಮಡಗಾಂವ್‌ನಲ್ಲಿದ್ದೇನೆ. ಮದುವೆಗೆ ಮುಂಚೆ 7,000 ರೂಪಾಯಿ ಕೊಟ್ಟು ಕೆರಟಿನ್ ಮಾಡಿಸಲೇ?

ಉತ್ತರ: ಬೇಡ. ಹೆಸರು ಕೆರಟಿನ್ (ಕೂದಲಿನದೇ ಪ್ರೋಟೀನ್) ಆದರೂ ಕೂದಲನ್ನು ನೇರವಾಗಿಸುವುದು ಹೆಚ್ಚಾಗಿ ಫಾರ್ಮಾಲ್ಡಿಹೈಡ್ ಅಥವಾ ಗ್ಲೈಆಕ್ಸಿಲಿಕ್ ಆಮ್ಲ. ಮೊದಲನೆಯದರ ಹೊಗೆ ಕಣ್ಣು, ಗಂಟಲು ಉರಿಸುತ್ತದೆ, ಅದು ಕ್ಯಾನ್ಸರ್‌ಕಾರಕವೂ ಹೌದು. ಎರಡನೆಯದನ್ನು ಹಚ್ಚಿಸಿಕೊಂಡವರಿಗೆ ಮೂತ್ರಪಿಂಡ ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಫಾರ್ಮಾಲ್ಡಿಹೈಡ್ ಇಲ್ಲ ಎಂದು ಪಾರ್ಲರ್‌ನವರು ಹೇಳಿದರೆ ಬಾಟಲಿ ಕೇಳಿ ತೊಗೊಂಡು ಓದಿ. ಮೀಥೈಲೀನ್ ಗ್ಲೈಕಾಲ್, ಫಾರ್ಮಾಲಿನ್ ಎಂಬವೂ ಅದರದೇ ಬೇರೆ ಹೆಸರುಗಳು. ವಿದೇಶಿ ಬಾಟಲಿಯ ಮೇಲೆ ಆಮದುದಾರರ ವಿಳಾಸ, ನೋಂದಣಿ ಸಂಖ್ಯೆ ಇಲ್ಲದಿದ್ದರೆ ಅದನ್ನು ಕೂದಲಿಗೆ ಮುಟ್ಟಿಸಲೇಬೇಡಿ. ಮದುವೆಯ ದಿನ ಬೆಳಿಗ್ಗೆ ಬ್ಲೋ ಡ್ರೈ ಮಾಡಿಸಿ ಎರಡು ಹನಿ ಸಿಲಿಕೋನ್ ಸೀರಮ್ ತುದಿಗೆ ಹಚ್ಚಿಸಿಕೊಳ್ಳಿ.