ಬೈಕಿಗೆ ಲಗೇಜ್: ಯಾವುದು, ಎಷ್ಟು, ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹೊಸ ಹಿಮಾಲಯನ್ 450 ತಗೊಂಡಿದ್ದೇನೆ. ಡಿಸೆಂಬರ್‌ನಲ್ಲಿ ನಾನೂ ಹೆಂಡತಿಯೂ ಪುಣೆ, ಕೊಲ್ಹಾಪುರ, ಬೆಳಗಾವಿ ಹಾದು ಹಂಪಿಗೆ ಹೋಗಬೇಕೆಂದಿದ್ದೇವೆ. ಅಂಗಡಿಯವರು ಎರಡೂ ಪಕ್ಕ ಅಲ್ಯೂಮಿನಿಯಂ ಪೆಟ್ಟಿಗೆ, ಹಿಂದೆ ಟಾಪ್ ಬಾಕ್ಸ್ ಹಾಕಿಸಿ ಅನ್ನುತ್ತಾರೆ. ಗೆಳೆಯರು ಬಟ್ಟೆ ಬ್ಯಾಗೇ ಸಾಕು ಅನ್ನುತ್ತಾರೆ. ಯಾವುದು ಸರಿ ಸರ್?
— ಡೊಂಬಿವಲಿಯ ಓದುಗರು

ಉತ್ತರ: ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಲೆಕ್ಕ ಹಾಕಿ. ಮ್ಯಾನ್ಯುಅಲ್‌ನಲ್ಲಿ ಬೈಕ್ ತಾಳುವ ಗರಿಷ್ಠ ಒಟ್ಟು ತೂಕ ಕೊಟ್ಟಿರುತ್ತಾರೆ. ಅದರಲ್ಲಿ ಬೈಕಿನದೇ ತೂಕ, ಅಂದರೆ ನಿಮ್ಮದಕ್ಕೆ 196 ಕೆಜಿ, ಕಳೆಯಿರಿ. ಉಳಿದದ್ದರಲ್ಲಿ ನಿಮ್ಮಿಬ್ಬರ ಮೈತೂಕ, ಹೆಲ್ಮೆಟ್, ಜಾಕೆಟ್, ಬೂಟು, ರ್‍ಯಾಕ್, ಬ್ಯಾಗು, ಅದರೊಳಗಿನ ಸಾಮಾನು ಎಲ್ಲವೂ ಹಿಡಿಸಬೇಕು. ಇಬ್ಬರ ರೈಡಿಂಗ್ ಗೇರ್ ಒಂದೇ 12ರಿಂದ 14 ಕೆಜಿ ಆಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಅಲ್ಯೂಮಿನಿಯಂ ಪೆಟ್ಟಿಗೆ ಖಾಲಿ ಇದ್ದಾಗಲೇ ಒಂದೊಂದು 4ರಿಂದ 6 ಕೆಜಿ, ರ್‍ಯಾಕ್ ಇನ್ನೊಂದು 5 ಕೆಜಿ. ಒಂದು ಅಂಗಿ ಮಡಚಿಡುವ ಮೊದಲೇ 15 ಕೆಜಿ ಹೋಯಿತು. ಬಟ್ಟೆಯ ಸ್ಯಾಡಲ್‌ಬ್ಯಾಗ್ ಜೋಡಿ 3ರಿಂದ 4 ಕೆಜಿಯಲ್ಲಿ ಮುಗಿಯುತ್ತದೆ.

ತೂಕಕ್ಕಿಂತ ನಮಗೆ ಹೆಚ್ಚು ಕಳವಳ ಇರುವುದು ಕಾಲಿನ ಬಗ್ಗೆ. ಮರಳಿನಲ್ಲೋ ಸಡಿಲ ಜಲ್ಲಿಯಲ್ಲೋ ಬೈಕ್ ವಾಲಿದಾಗ ಯಾರಾದರೂ ಕಾಲು ಊರಿಯೇ ಊರುತ್ತಾರೆ. ಬೈಕ್ ಮುಂದಕ್ಕೆ ಸರಿಯುತ್ತದೆ, ಊರಿದ ಪಾದ ಅಲ್ಲೇ ನಿಲ್ಲುತ್ತದೆ, ಪೆಟ್ಟಿಗೆಯ ಮುಂದಿನ ಅಂಚು ಹಿಂದಿನಿಂದ ಬಂದು ಮೀನಖಂಡಕ್ಕೆ ಬಡಿಯುತ್ತದೆ. ಕಾಲು ಮುರಿಯಲು ಅಷ್ಟು ಸಾಕು. ಬಟ್ಟೆ ಬ್ಯಾಗ್ ಆದರೆ ಅಮುಕಿಕೊಳ್ಳುತ್ತದೆ. ಬೈಕ್ ಬಿದ್ದಾಗಲೂ ಹಾಗೆಯೇ: ಬ್ಯಾಗ್ ತಾನೇ ಜಜ್ಜಿ ಹೊಡೆತ ನುಂಗುತ್ತದೆ, ಪೆಟ್ಟಿಗೆ ಅದನ್ನು ನೇರ ಸಬ್‌ಫ್ರೇಮಿಗೆ, ಅಂದರೆ ಸೀಟು, ಲಗೇಜ್ ಹೊರುವ ಹಿಂಬದಿಯ ಚೌಕಟ್ಟಿಗೆ, ದಾಟಿಸುತ್ತದೆ.

ಪೆಟ್ಟಿಗೆಗೂ ಅದರದೇ ಗುಣವಿದೆ. ಬೀಗ ಹಾಕಿ ಹೋಟೆಲಿನ ಮುಂದೆ ಬಿಟ್ಟು ಹೋಗಬಹುದು, ಕ್ಯಾಮೆರಾಗೆ ಒಳ್ಳೆಯದು. ಡಾಂಬರು ರಸ್ತೆ ಬಿಟ್ಟು ಇಳಿಯದವರು ಧಾರಾಳವಾಗಿ ಹಾಕಿಸಿಕೊಳ್ಳಲಿ. ಆದರೆ ಕಲ್ಯಾಣ-ಶೀಳ್ ರಸ್ತೆಯ ಸಂಜೆಯ ಟ್ರಾಫಿಕ್ಕಿನಲ್ಲಿ ಹ್ಯಾಂಡಲ್ ತೂರಿದ ಸಂದಿಯಲ್ಲಿ ಹಿಂದಿನ ಪೆಟ್ಟಿಗೆಯೂ ತೂರುತ್ತದೆ ಎಂದುಕೊಂಡರೆ ಪಕ್ಕದ ಕಾರಿಗೆ ಗೀರು ಖಂಡಿತ. ಹ್ಯಾಂಡಲ್ ತುದಿಯಿಂದ ತುದಿಗೆ ಟೇಪ್ ಹಿಡಿದು ಅಳೆಯಿರಿ. ಲಗೇಜ್ ಅದಕ್ಕಿಂತ ಅಗಲ ಇರಬಾರದು.

ನಿಮಗೆ ನಮ್ಮ ಸಲಹೆ: ಪಕ್ಕದ ರ್‍ಯಾಕ್, ಒಂದೊಂದು 25ರಿಂದ 30 ಲೀಟರಿನ ಸ್ಯಾಡಲ್‌ಬ್ಯಾಗ್ ಎರಡು, ಹಿಂದಿನ ರ್‍ಯಾಕಿನ ಮೇಲೆ 20 ಲೀಟರಿನ ಸಣ್ಣ ರೋಲ್ ಬ್ಯಾಗ್. ಸಾಮಾನು ಎಲ್ಲ ಸೇರಿ 20 ಕೆಜಿ ದಾಟದಿರಲಿ. ಟೂಲ್ಸ್, ಪಂಕ್ಚರ್ ಕಿಟ್, ಟ್ಯೂಬ್‌ನಂಥ ಭಾರವೆಲ್ಲ ಸ್ಯಾಡಲ್‌ಬ್ಯಾಗಿನ ತಳದಲ್ಲಿ, ಆದಷ್ಟು ಮುಂಭಾಗಕ್ಕೆ ಒತ್ತಿ ಇಡಿ. ಹಿಂದಿನ ಆಕ್ಸಲ್ (ಚಕ್ರದ ನಡುವಿನ ದಂಡ) ದಾಟಿ ಹಿಂದಕ್ಕೆ ಹೋದ ಪ್ರತಿ ಕಿಲೋ ಮುಂದಿನ ಚಕ್ರದ ಹಿಡಿತ ಕಡಿಮೆ ಮಾಡುತ್ತದೆ. ಟಾಪ್ ಬಾಕ್ಸ್ ಕೂರುವುದು ಅಲ್ಲಿಯೇ, ಅದೂ ಎತ್ತರದಲ್ಲಿ. ಹಾಕಿಸಲೇಬೇಕು ಎಂದರೆ ಅದರ ಪ್ಲೇಟಿನ ಮೇಲೆ ಬರೆದ ಮಿತಿ ನೋಡಿ, ರೇನ್‌ಕೋಟು, ತಿಂಡಿ, ನೀರಿಗೆ ಮಾತ್ರ ಬಳಸಿ.

ದುಡ್ಡು ಕೊಡುವ ಮೊದಲು ಇಬ್ಬರೂ ಬೈಕ್ ಮೇಲೆ ಕೂತು ನೋಡಿ. ಹಿಂದೆ ಕೂತವರ ಹಿಮ್ಮಡಿ ಬ್ಯಾಗಿಗೆ ತಾಗುತ್ತಿದ್ದರೆ ಕಾಲು ಮುಂದಕ್ಕೆ ಮಡಚಿಕೊಂಡೇ ಕೂರಬೇಕಾಗುತ್ತದೆ. ಲೋಣಾವಳ ಬರುವಷ್ಟರಲ್ಲಿ ಮಂಡಿ ಹಿಡಿದಿರುತ್ತದೆ. ಅಂದ ಹಾಗೆ, ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇನಲ್ಲಿ ಬೈಕಿಗೆ ಪ್ರವೇಶವಿಲ್ಲ. ಹಳೆಯ ಹೆದ್ದಾರಿಯ ಸಮಯ ಹಿಡಿದೇ ಹೊರಡಿ.

ಪ್ರಶ್ನೆ: ಹಿಮಾಲಯನ್ 411ಕ್ಕೆ ಸ್ಯಾಡಲ್ ರ್‍ಯಾಕ್ ಹಾಕಿಸಿದ್ದೆ. ತಾಮ್ಹಿಣಿ, ವರಂಧ ಘಾಟ್ ಸುತ್ತಿ ಬಂದ ಮೇಲೆ ನೋಡಿದರೆ ಒಂದು ಬೋಲ್ಟ್ ಬಿದ್ದುಹೋಗಿದೆ, ಇನ್ನೊಂದು ಬಾಗಿದೆ. ಮೆಕ್ಯಾನಿಕ್ ವೆಲ್ಡ್ ಮಾಡಿಬಿಡೋಣ ಅನ್ನುತ್ತಾನೆ. ಮಾಡಿಸಲೇ?
— ಪಿಂಪ್ರಿಯ ಓದುಗರು

ಉತ್ತರ: ದಯವಿಟ್ಟು ಬೇಡ. ಫ್ರೇಮಿಗೆ ವೆಲ್ಡ್ ಮಾಡಿದರೆ ಆ ಜಾಗದ ಲೋಹ ಗಡುಸಾಗುತ್ತದೆ. ಮುಂದಿನ ಸಲ ಬೋಲ್ಟ್ ಬದಲು ಫ್ರೇಮೇ ಬೆಸುಗೆಯ ಪಕ್ಕದಲ್ಲಿ ಬಿರುಕು ಬಿಡುತ್ತದೆ. ಬೋಲ್ಟ್ ಹೋದರೆ ಐವತ್ತು ರೂಪಾಯಿಯೊಳಗೆ ಮುಗಿಯುವ ಕೆಲಸ, ಫ್ರೇಮ್ ಹೋದರೆ ಬೈಕ್ ಹೋದಂತೆ.

ಬಾಗಿದ ಬೋಲ್ಟೇ ಕಾರಣ ಹೇಳುತ್ತಿದೆ. ರ್‍ಯಾಕಿಗೂ ಫ್ರೇಮಿಗೂ ನಡುವೆ ಜಾಗ ತುಂಬಲು ನಾಲ್ಕೈದು ವಾಷರ್ ಪೇರಿಸಿ ಬಿಗಿದಿರುವ ಸಾಧ್ಯತೆ ಹೆಚ್ಚು. ಪೇರಿಸಿದ ವಾಷರ್ ಒಂದರ ಮೇಲೊಂದು ಜಾರುತ್ತದೆ, ಭಾರವೆಲ್ಲ ಬೋಲ್ಟಿನ ಮೈಮೇಲೆ ಬೀಳುತ್ತದೆ. ಆ ಜಾಗಕ್ಕೆ ದಪ್ಪ ಗೋಡೆಯ ಸ್ಟೀಲ್ ಪೈಪಿನಿಂದ ಸರಿಯಾದ ಅಳತೆಗೆ ಕತ್ತರಿಸಿದ, ಎರಡೂ ತುದಿ ಸಮತಟ್ಟಾಗಿರುವ ಒಂದೇ ಸ್ಪೇಸರ್ ಬೇಕು. ಯಾವುದೇ ಲೇತ್ ಅಂಗಡಿಯಲ್ಲಿ ಮಾಡಿಕೊಡುತ್ತಾರೆ.

ಬೋಲ್ಟ್ ತರುವಾಗ ತಲೆಯ ಮೇಲೆ 8.8 ಎಂದು ಕೆತ್ತಿರುವುದನ್ನೇ ಕೇಳಿ, ಅದು ಬೋಲ್ಟಿನ ಶಕ್ತಿಯ ದರ್ಜೆ. ಪುಣೆಯ ರವಿವಾರ ಪೇಟೆಯ ಬೋಹರಿ ಆಳಿಯಲ್ಲಿ ಸಿಗುತ್ತದೆ. ಹೊಳೆಯುವ ಸ್ಟೇನ್‌ಲೆಸ್ ಬೋಲ್ಟ್ ಗಟ್ಟಿ ಎಂಬ ನಂಬಿಕೆ ಇದೆ. ಸಾಮಾನ್ಯವಾಗಿ ಸಿಗುವ ಎ2-70 ದರ್ಜೆಯದ್ದು ಶಕ್ತಿಯಲ್ಲಿ 8.8ಕ್ಕಿಂತ ಕಡಿಮೆಯೇ. ಬಾಗಿದ್ದು ಒಂದೇ ಆದರೂ ಎರಡೂ ಕಡೆಯ ಬೋಲ್ಟ್‌ಗಳನ್ನೆಲ್ಲ ಬದಲಿಸಿ. ಬಿದ್ದ ಬೋಲ್ಟಿನ ಭಾರ ಹೊತ್ತವು ಉಳಿದವೇ ಅಲ್ಲವೇ.

ಇನ್ನು ಬಿಗಿಯುವ ಕ್ರಮ. ರಂಧ್ರದ ಎಳೆಗಳನ್ನೂ ಬೋಲ್ಟಿನ ಎಳೆಗಳನ್ನೂ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಎಣ್ಣೆ ಇದ್ದರೆ ಥ್ರೆಡ್‌ಲಾಕ್, ಅಂದರೆ ಬೋಲ್ಟ್ ಸಡಿಲವಾಗದಂತೆ ಎಳೆಗೆ ಹಚ್ಚುವ ಅಂಟು, ಹಿಡಿಯುವುದಿಲ್ಲ. ನೀಲಿ ಬಣ್ಣದ ಮಧ್ಯಮ ದರ್ಜೆಯ ಥ್ರೆಡ್‌ಲಾಕ್ ಒಂದೆರಡು ಹನಿ ಸಾಕು. ಕೆಂಪು ಬೇಡ, ಅದನ್ನು ಬಿಚ್ಚಲು ಬೆಂಕಿ ತೋರಿಸಬೇಕಾಗುತ್ತದೆ. ಮೊದಲು ಎಲ್ಲ ಬೋಲ್ಟ್‌ಗಳನ್ನೂ ಕೈಯಲ್ಲೇ ನಾಲ್ಕೈದು ಸುತ್ತು ತಿರುಗಿಸಿ ಕೂರಿಸಿ. ಕೈಯಲ್ಲಿ ಹೋಗದಿದ್ದರೆ ರ್‍ಯಾಕ್ ಅಳತೆಯಲ್ಲೇ ತಪ್ಪಿದೆ ಎಂದರ್ಥ. ಸ್ಪ್ಯಾನರ್ ಹಾಕಿ ಎಳೆದು ಕೂರಿಸಿದರೆ ರ್‍ಯಾಕ್ ಸದಾ ಸೆಟೆದುಕೊಂಡೇ ಇದ್ದು, ಪ್ರತಿ ಗುಂಡಿಗೂ ಬೋಲ್ಟನ್ನು ಹಿಂದಕ್ಕೆ ಜಗ್ಗುತ್ತದೆ. ಎಲ್ಲ ಕೂತ ಮೇಲೆ ಟಾರ್ಕ್ ರೆಂಚ್‌ನಿಂದ (ಎಷ್ಟು ಬಿಗಿದಿರಿ ಎಂದು ಅಳೆಯುವ ಸ್ಪ್ಯಾನರ್) ಸ್ವಲ್ಪ ಸ್ವಲ್ಪವೇ, ಎಡ ಬಲ ಬದಲಿಸುತ್ತ ಬಿಗಿಯಿರಿ. ರ್‍ಯಾಕಿನ ಜೊತೆ ಅಂಕಿ ಕೊಟ್ಟಿದ್ದರೆ ಅದೇ, ಇಲ್ಲದಿದ್ದರೆ 8 ಎಂಎಂ ಬೋಲ್ಟಿಗೆ 20ರಿಂದ 22 ನ್ಯೂಟನ್ ಮೀಟರ್, 6 ಎಂಎಂಗೆ 9ರ ಆಸುಪಾಸು. ಥ್ರೆಡ್‌ಲಾಕ್ ಗಟ್ಟಿಯಾಗಲು ಒಂದು ದಿನ ಬೈಕ್ ಹಾಗೆಯೇ ಬಿಡಿ.

ಕೊನೆಗೆ ಬೋಲ್ಟಿನ ತಲೆಯಿಂದ ರ್‍ಯಾಕಿನ ಮೇಲೆ ಹಾಯುವಂತೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಮೊದಲ 100 ಕಿ.ಮೀ. ಆದಾಗ, ಆಮೇಲೆ ಪ್ರಯಾಣದಲ್ಲಿ ದಿನವೂ ಬೆಳಿಗ್ಗೆ ಆ ಗೆರೆ ನೋಡಿ. ಗೆರೆ ಮುರಿದಿಲ್ಲವೆಂದರೆ ಬೋಲ್ಟ್ ಮುಟ್ಟಬೇಡಿ. ಸುಮ್ಮನೆ ತಿರುಗಿಸಿದರೆ ಹಿಡಿದ ಥ್ರೆಡ್‌ಲಾಕ್ ಒಡೆಯುತ್ತದೆ. ಮುರಿದಿದ್ದರೆ ಪೂರ್ತಿ ಬಿಚ್ಚಿ, ಒರೆಸಿ, ಮತ್ತೆ ಹಚ್ಚಿ ಬಿಗಿಯಿರಿ. ಎಡ-ಬಲ ರ್‍ಯಾಕ್‌ಗಳನ್ನು ನಂಬರ್ ಪ್ಲೇಟಿನ ಹಿಂದೆ ಜೋಡಿಸುವ ಅಡ್ಡಪಟ್ಟಿ ಇದೆಯೇ ಎಂದೂ ನೋಡಿ. ಅದಿಲ್ಲದ ರ್‍ಯಾಕ್ ಭಾರ ಬಿದ್ದಾಗ ಚಕ್ರದ ಕಡೆಗೆ ಬಾಗುತ್ತದೆ.

ಪ್ರಶ್ನೆ: ಎಕ್ಸ್‌ಪಲ್ಸ್ 200ಕ್ಕೆ ರ್‍ಯಾಕ್ ಬೇಡದ, ಸೀಟಿನ ಮೇಲೆ ಹಾಸಿ ಕಟ್ಟುವ ಬ್ಯಾಗ್ ಹಾಕಿದ್ದೇನೆ. ಬಲಗಡೆ ತಳ ಕರಗಿದೆ. ಅನ್ಮೋಡ್ ಘಾಟಿನ ಮಳೆಯಲ್ಲಿ ಒಳಗೂ ನೀರು.
— ಫೋಂಡಾದ ಓದುಗರು

ಉತ್ತರ: ಆ ಬೈಕಿನ ಸೈಲೆನ್ಸರ್ ಬಲಗಡೆ ಎತ್ತರದಲ್ಲಿದೆ. ಬ್ಯಾಗ್ ಖಾಲಿ ಇದ್ದಾಗ ತಾಗುವುದಿಲ್ಲ. ತುಂಬಿದಾಗ ಜೋಲುತ್ತದೆ, ಗುಂಡಿಯಲ್ಲಿ ಇನ್ನೂ ಕೆಳಗೆ ಬರುತ್ತದೆ. ತುಂಬಿದ ಬ್ಯಾಗ್ ಕಟ್ಟಿ, ಇನ್ನೊಬ್ಬರನ್ನು ಸೀಟಿನ ಮೇಲೆ ಅದುಮಲು ಹೇಳಿ ನೋಡಿದಾಗಲೂ ನಡುವೆ ಮೂರು ಬೆರಳಿನಷ್ಟು ಸಂದಿ ಇರಬೇಕು. ಬಲಗಡೆ ಹೀಟ್ ಶೀಲ್ಡ್ ಕಡ್ಡಾಯ, ಅದನ್ನು ಸೈಲೆನ್ಸರಿಗೆ ಅಂಟದಂತೆ ಸಂದಿ ಬಿಟ್ಟು ಕೂರಿಸಬೇಕು. ಪೆಟ್ರೋಲ್ ಬಾಟಲಿ ಇದ್ದರೆ ಎಡಗಡೆಗೆ ಮಾತ್ರ.

ನೀರು ಬರುವುದು ಬಟ್ಟೆಯಿಂದಲ್ಲ, ಹೊಲಿಗೆ ಮತ್ತು ಜಿಪ್ಪಿನಿಂದ. ಮೇಲೆ ಹೊದಿಸುವ ರೇನ್ ಕವರ್ ಗಾಳಿಗೆ ಉಬ್ಬಿ ಹಾರುತ್ತದೆ, ಚೈನಿಗೆ ಸಿಕ್ಕರೆ ಹಿಂದಿನ ಚಕ್ರವೇ ಕಚ್ಚಿಕೊಳ್ಳಬಹುದು. ಬ್ಯಾಗಿನೊಳಗೆ ಹೊಲಿಗೆಯಿಲ್ಲದೆ ಬೆಸೆದ ಡ್ರೈ ಬ್ಯಾಗ್ ಇಡಿ. ಗಾಳಿ ಹೊರಹಾಕಿ, ಬಾಯಿಯನ್ನು ಕನಿಷ್ಠ ಮೂರು ಸುತ್ತು ಸುರುಳಿ ಸುತ್ತಿ ಬಕಲ್ ಹಾಕಿ. ಕಟ್ಟಲು ಕೊಕ್ಕೆಯ ಬಂಜಿ ಹಗ್ಗ ಬೇಡವೇ ಬೇಡ. ಜಿಗಿದ ಕೊಕ್ಕೆ ಕಣ್ಣಿಗೆ ಬಡಿಯುತ್ತದೆ. ಬಕಲ್ ಇರುವ ಪಟ್ಟಿ ಬಳಸಿ, ಉಳಿದ ತುದಿಯನ್ನು ಮಡಚಿ ಗಂಟು ಹಾಕಿ.

ಪ್ರಶ್ನೆ: ವಾಸ್ಕೋದ ಉಪ್ಪುಗಾಳಿಗೆ ಹೊಸ ರ್‍ಯಾಕ್ ಎರಡೇ ಮಳೆಗಾಲದಲ್ಲಿ ತುಕ್ಕು ಹಿಡಿದಿದೆ.
— ವಾಸ್ಕೋದ ಓದುಗರು

ಉತ್ತರ: ಬ್ಯಾಗ್ ಉಜ್ಜಿ ಪೌಡರ್ ಕೋಟ್ (ಪುಡಿ ಬಣ್ಣದ ಲೇಪ) ಎದ್ದ ಕಡೆಯಿಂದಲೇ ಅದು ಶುರುವಾಗುತ್ತದೆ. ಸ್ಯಾಂಡ್‌ಪೇಪರ್ ಹಾಕಿ ಲೋಹ ಕಾಣುವವರೆಗೆ ಉಜ್ಜಿ, ಜಿಂಕ್ ಪ್ರೈಮರ್, ಮೇಲೆ ಪೇಂಟ್. ಬ್ಯಾಗ್ ತಾಗುವ ಜಾಗಕ್ಕೆ ಹಳೆಯ ಟ್ಯೂಬ್ ಸೀಳಿ ಸುತ್ತಬೇಡಿ, ಅದರಡಿ ಉಪ್ಪುನೀರು ನಿಲ್ಲುತ್ತದೆ. ಪಾರದರ್ಶಕ ಪೇಂಟ್ ಪ್ರೊಟೆಕ್ಷನ್ ಫಿಲ್ಮ್ ಅಂಟಿಸಿ.

ಪ್ರಶ್ನೆ: ಲಗೇಜ್ ಕಟ್ಟಿದ ಮೇಲೆ 90ರ ವೇಗದಲ್ಲಿ ಹ್ಯಾಂಡಲ್ ಅಲುಗುತ್ತದೆ, ರಾತ್ರಿ ಎದುರಿನವರು ಲೈಟ್ ಇಳಿಸಿ ಎಂದು ಸನ್ನೆ ಮಾಡುತ್ತಾರೆ.
— ಮುಲುಂಡಿನ ಓದುಗರು

ಉತ್ತರ: ಎರಡಕ್ಕೂ ಮೂಲ ಒಂದೇ: ಹಿಂಭಾಗ ಕುಸಿದಿದೆ. ಹಿಂಚಕ್ರ ನೆಲದಿಂದ ಎತ್ತಿ, ಆಕ್ಸಲಿನಿಂದ ನೇರ ಮೇಲಿನ ಒಂದು ಗುರುತಿಗೆ ಅಳತೆ ತೆಗೆಯಿರಿ. ಲಗೇಜ್ ಕಟ್ಟಿ, ಗೇರ್ ಹಾಕಿಕೊಂಡು ಕೂತು ಮತ್ತೆ ಅಳೆಯಿರಿ. ವ್ಯತ್ಯಾಸ ಹಿಂದಿನ ಸಸ್ಪೆನ್ಶನ್ ಓಡಾಟದ ಮೂರರಲ್ಲೊಂದು ಭಾಗ ಮೀರಬಾರದು. ಓಡಾಟ 180 ಮಿ.ಮೀ. ಇದ್ದರೆ 60ರೊಳಗೆ. ಮೀರಿದರೆ ಸಿ-ಸ್ಪ್ಯಾನರ್ (ಕೊಕ್ಕೆಯಾಕಾರದ ಸ್ಪ್ಯಾನರ್) ಹಾಕಿ ಪ್ರಿಲೋಡ್, ಅಂದರೆ ಹಿಂದಿನ ಸ್ಪ್ರಿಂಗಿನ ಬಿಗಿತ, ಹೆಚ್ಚಿಸಿ. ಟೈರ್ ಗಾಳಿಯನ್ನು ಮ್ಯಾನ್ಯುಅಲ್‌ನಲ್ಲಿ ಇಬ್ಬರಿಗೆ ಹೇಳಿದ ಅಂಕಿಗೆ ಏರಿಸಿ, ತಣ್ಣಗಿರುವಾಗಲೇ. ಕೊಕ್ಕೆ ತಕ್ಕಡಿಯಲ್ಲಿ ಎರಡೂ ಪಕ್ಕದ ಬ್ಯಾಗ್ ತೂಗಿ ಒಂದು ಕೆಜಿಗಿಂತ ಹೆಚ್ಚು ವ್ಯತ್ಯಾಸ ಇಲ್ಲದಂತೆ ಹಂಚಿ. ಹೆಡ್‌ಲೈಟ್ ಇಳಿಸುವುದು ಇದೆಲ್ಲ ಆದ ಮೇಲೆ. ಆಗಲೂ ಹ್ಯಾಂಡಲ್ ಅಲುಗಿದರೆ ಲಗೇಜ್ ಬಿಚ್ಚಿಟ್ಟು ಸ್ಟೀರಿಂಗ್ ಬೇರಿಂಗ್ ನೋಡಿಸಿ.